ಕೆಳಗೆ ಬರಿದಾದ ನೆಲ: ಕಲ್ಲಿದ್ದಲು ಗಣಿಗಳ ಮೇಲಿನ ಕುಸಿತ, ಅದರ ಅಳತೆ, ಅದರ ಅಂದಾಜು

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಬಾವಿ ತೋಡಿಸಿದವರಿಗೆಲ್ಲ ಕಾಲಡಿಯ ನೆಲದ ಪರಿಚಯವಿದೆ. ಮೇಲೆ ಎರೆ, ಅದರಡಿ ಗರಸು, ಆಮೇಲೆ ಕರಿಕಲ್ಲು. ಆ ಕರಿಕಲ್ಲು ಎಷ್ಟು ಆಳಕ್ಕಿದೆ ಎಂಬುದು 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಅಕ್ಕಲಕೋಟೆಯ ಈಶಾನ್ಯಕ್ಕಿರುವ ಕಿಲ್ಲಾರಿಯಲ್ಲಿ ಕೊಳವೆ ಕೊರೆದಾಗ ತಿಳಿಯಿತು. 338 ಮೀಟರ್ ದಪ್ಪದ ಬಸಾಲ್ಟ್, ಅದರ ಕೆಳಗೆ ಸುಮಾರು 8 ಮೀಟರ್ ಹಳೆಯ ಮಣ್ಣುಪದರ, ಅಲ್ಲಿಂದ ಮುಂದೆ ಗ್ರಾನೈಟ್ ಜಾತಿಯ ತಳಶಿಲೆ. ಗೊಂಡವಾನ ಕಾಲದ ಕಲ್ಲಿದ್ದಲಿನ ಸುಳಿವು ಅಲ್ಲಿ ಇರಲಿಲ್ಲ. ಗಣಿಯಿಂದಾಗಿ ನೆಲ ಕುಸಿಯುವ ಭಯ ಈ ಭಾಗಕ್ಕಿಲ್ಲ.

ಆದರೆ ಇದೇ ಮಹಾರಾಷ್ಟ್ರದ ಪೂರ್ವ ತುದಿಯಲ್ಲಿ, ಬಸಾಲ್ಟಿನ ಹಾಸು ತೆಳುವಾಗಿ ಮುಗಿಯುವ ವರ್ಧಾ ಕಣಿವೆಯಲ್ಲಿ, ಮಾತು ಬೇರೆ. 2022ರ ಆಗಸ್ಟ್ 26ರಂದು ಚಂದ್ರಪುರ ಜಿಲ್ಲೆಯ ಘುಗ್ಗುಸ್ ಪಟ್ಟಣದಲ್ಲಿ ಒಂದು ಮನೆ ನಿಂತ ಜಾಗದಲ್ಲೇ ಹತ್ತಾರು ಅಡಿ ಆಳಕ್ಕೆ ಇಳಿದು ಹೋಯಿತು. ನೆಲ ನಡುಗಿದ ಕೂಡಲೇ ಮನೆಯವರು ಹೊರಗೆ ಓಡಿದ್ದರಿಂದ ಜೀವ ಉಳಿಯಿತು. ಆ ಬಡಾವಣೆಯ ಅಡಿಯಲ್ಲಿ ಹಳೆಯ ಭೂಗತ ಕಲ್ಲಿದ್ದಲು ಗಣಿಯಿತ್ತು. ಸುತ್ತಲಿನ ಕುಟುಂಬಗಳನ್ನು ಬೇರೆಡೆಗೆ ಕಳಿಸಬೇಕಾಯಿತು. ಕನ್ನಡ ನಾಡಿಗೆ ಈ ಕಣಿವೆ ದೂರದ್ದೇನಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರ ಸಿಂಗರೇಣಿಯ ಜೊತೆಗೆ ಇಲ್ಲಿಯ ಕಲ್ಲಿದ್ದಲನ್ನೂ ಉರಿಸಿದೆ. ಬಳ್ಳಾರಿ ಸ್ಥಾವರಕ್ಕೆಂದು ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾದ ಬರಾಂಜ್ ಗಣಿಗಳೂ ಚಂದ್ರಪುರ ಜಿಲ್ಲೆಯಲ್ಲೇ ಇವೆ.

ಕಲ್ಲಿದ್ದಲು ತೆಗೆದರೆ ಮೇಲಿನ ನೆಲ ಎಲ್ಲಿ, ಎಷ್ಟು, ಯಾವಾಗ ಕುಸಿಯುತ್ತದೆ? ಇನ್ನೂರು ವರ್ಷಗಳಿಂದ ಕೇಳುತ್ತ ಬಂದ ಈ ಪ್ರಶ್ನೆಯ ಅರ್ಧಕ್ಕೆ ವಿಜ್ಞಾನದ ಬಳಿ ಒಳ್ಳೆಯ ಉತ್ತರವಿದೆ. ಉಳಿದರ್ಧಕ್ಕೆ ಬೇಕಾದ ಉತ್ತರ ಗಣಿತಕ್ಕಿಂತ ಹೆಚ್ಚಾಗಿ ಹಳೆಯ ನಕಾಶೆಗಳ ಕಪಾಟಿನಲ್ಲಿದೆ. ಘುಗ್ಗುಸ್‌ನಂಥ ಊರುಗಳಿಗೆ ಬೇಕಾದದ್ದು ಆ ಎರಡನೆಯ ಅರ್ಧ. ನಮ್ಮ ದೇಶದಲ್ಲಿ ಅದರ ಕಡೆಗೆ ಗಮನ ಸಾಲದಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕುಸಿತದಲ್ಲಿ ಎರಡು ಜಾತಿ. ಒಂದು ತಗ್ಗು. ಆಳದಲ್ಲಿ ಅಗಲವಾದ ಪ್ರದೇಶದ ಕಲ್ಲಿದ್ದಲನ್ನು ಪೂರ್ತಿ ತೆಗೆದು ಮಾಳಿಗೆಯನ್ನು ಬೀಳಲು ಬಿಟ್ಟರೆ, ಮೇಲಿನ ಪದರಗಳು ಒಂದರ ಹಿಂದೊಂದು ಬಾಗುತ್ತ ಬರುತ್ತವೆ. ಕೊನೆಗೆ ಮೇಲ್ಮೈಯಲ್ಲಿ ಅಗಲವಾದ, ಆಳವಿಲ್ಲದ ತಗ್ಗು ಮೂಡುತ್ತದೆ. ಇನ್ನೊಂದು ಗುಂಡಿ. ಮೇಲ್ಮೈಗೆ ಹತ್ತಿರವಿರುವ ಹಳೆಯ ಸುರಂಗದ ಮಾಳಿಗೆ ಚೂರುಚೂರಾಗಿ ಬೀಳುತ್ತ, ಪೊಳ್ಳು ಮೇಲೆ ಮೇಲೆ ಏರಿ, ಒಂದು ದಿನ ನೆಲ ಬಾಯಿ ತೆರೆಯುತ್ತದೆ. ತಗ್ಗು ನಿಧಾನದ್ದು, ಮೊದಲೇ ಸೂಚನೆ ಕೊಡುವಂಥದ್ದು, ಲೆಕ್ಕಕ್ಕೆ ಸಿಗುವಂಥದ್ದು. ಗುಂಡಿ ಹಾಗಲ್ಲ.

ತಗ್ಗಿನ ಅಳತೆ ಹೇಗೆ? ಕಲ್ಲಿದ್ದಲು ತೆಗೆಯಲಿರುವ ಪ್ಯಾನೆಲ್ಲಿನ ಮೇಲೆ ಎರಡು ಸಾಲು ಗೂಟ ಹಾಕುತ್ತಾರೆ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಗೂಟವೆಂದರೆ ಕಾಂಕ್ರೀಟಿನಲ್ಲಿ ಹುಗಿದ ಕಬ್ಬಿಣದ ಸರಳು. ಅದರ ತಲೆಯ ಮೇಲೆ ಒಂದು ಚುಕ್ಕಿ. ಎರಡು ಗೂಟಗಳ ನಡುವಿನ ಅಂತರ ಗಣಿಯ ಆಳದ ಇಪ್ಪತ್ತರಲ್ಲಿ ಒಂದು ಭಾಗವಿರಬೇಕೆಂಬುದು ಹಳೆಯ ರೂಢಿ. ಗಣಿ 200 ಮೀಟರ್ ಆಳದಲ್ಲಿದ್ದರೆ 10 ಮೀಟರಿಗೊಂದು ಗೂಟ. ಸಾಲಿನ ತುದಿ ಗಣಿಯ ಪ್ರಭಾವ ಮುಟ್ಟದಷ್ಟು ದೂರಕ್ಕೆ ಹೋಗಬೇಕು, ಏಕೆಂದರೆ ಅಲ್ಲಿಯ ಬೆಂಚ್‌ಮಾರ್ಕ್ ಅಲುಗಿದರೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ. ಒಬ್ಬ ಸ್ಟಾಫ್ ಎಂಬ ಅಳತೆಗೋಲನ್ನು ಗೂಟದ ಮೇಲೆ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಲೆವೆಲ್ ಯಂತ್ರದಲ್ಲಿ ಓದುತ್ತಾನೆ. ಹಿಂದಿನ ಗೂಟದ್ದು ಬ್ಯಾಕ್‌ಸೈಟ್, ಮುಂದಿನದು ಫೋರ್‌ಸೈಟ್. ಹೀಗೆ ಸಾಲು ಮುಗಿಸಿ, ಹೊರಟ ಬೆಂಚ್‌ಮಾರ್ಕಿಗೇ ಮರಳಿ ಬಂದು ಲೆಕ್ಕ ಕೂಡಿಸುತ್ತಾರೆ. ಎಚ್ಚರದಿಂದ ಮಾಡಿದರೆ ಒಂದು ಕಿಲೋಮೀಟರಿಗೆ ಕೆಲವೇ ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಈಗ ಟೋಟಲ್ ಸ್ಟೇಷನ್, ಜಿಪಿಎಸ್, ಡ್ರೋನ್ ಎಲ್ಲ ಬಂದಿವೆ. ಎತ್ತರದ ಸೂಕ್ಷ್ಮ ಅಳತೆಗೆ ಮಾತ್ರ ಈ ಹಳೆಯ ಲೆವೆಲಿಂಗನ್ನು ಮೀರಿಸಿದ್ದು ಇನ್ನೂ ಇಲ್ಲ.

ಎತ್ತರ ಅಳೆದರೆ ಕೆಲಸ ಮುಗಿಯುವುದಿಲ್ಲ. ಇಡೀ ಊರು ಒಂದೇ ಸಮನಾಗಿ ಅರ್ಧ ಮೀಟರ್ ಇಳಿದರೂ ಗೋಡೆ ಬಿರಿಯದು. ಮನೆಯನ್ನು ಹಾಳು ಮಾಡುವುದು ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇಳಿತದಲ್ಲಿರುವ ವ್ಯತ್ಯಾಸ, ಮತ್ತು ನೆಲದ ಅಡ್ಡ ಎಳೆತ. ತಗ್ಗಿನ ಅಂಚಿನಲ್ಲಿ ನೆಲ ಹಿಗ್ಗುತ್ತದೆ, ನಡುವೆ ಕುಗ್ಗುತ್ತದೆ. ಆದ್ದರಿಂದಲೇ ಗೂಟಗಳ ನಡುವಿನ ಅಡ್ಡ ಅಂತರವನ್ನೂ ಪ್ರತಿ ಸಲ ಅಳೆಯಬೇಕು. ಮೀಟರಿಗೆ 3 ಮಿಲಿಮೀಟರ್ ಎಳೆತ ಎಂದರೆ ಕೇಳಲು ಅಲ್ಪ. 20 ಮೀಟರ್ ಉದ್ದದ ಕಟ್ಟಡಕ್ಕೆ ಅದು 6 ಸೆಂಟಿಮೀಟರ್ ಆಗುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ಮಾಡಿದ ವರ್ಗೀಕರಣದಲ್ಲಿ ಕಟ್ಟಡದ ಉದ್ದ 3 ಸೆಂಟಿಮೀಟರಿನವರೆಗೆ ಬದಲಾದರೆ ಅತ್ಯಲ್ಪ ಹಾನಿ, 6ರವರೆಗೆ ಅಲ್ಪ, 12ರವರೆಗೆ ಗಣನೀಯ, 18 ದಾಟಿದರೆ ಅತಿ ತೀವ್ರ. ಹೊಲದವನ ನಷ್ಟ ಈ ಪಟ್ಟಿಯಲ್ಲಿ ಬರುವುದಿಲ್ಲ. ಅಂಚಿನ ಬಿರುಕುಗಳಲ್ಲಿ ಬಾವಿಯ ನೀರು ಇಳಿದು ಹೋಗುತ್ತದೆ. ತಗ್ಗಿನ ನಡುವೆ ಮಳೆನೀರು ನಿಂತು ಬೆಳೆ ಕೊಳೆಯುತ್ತದೆ. ಬದುವಿನ ಇಳಿಜಾರು ತಿರುಗುಮುರುಗಾಗುತ್ತದೆ.

ಇಲ್ಲಿ ಎರೆ ನೆಲದ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ವರ್ಧಾ ಕಣಿವೆಯಲ್ಲೂ ಸೊಲ್ಲಾಪುರದಲ್ಲಿರುವಂಥದ್ದೇ ಎರೆ ಮಣ್ಣು ಹರಡಿದೆ. ಬೇಸಿಗೆಯಲ್ಲಿ ಅದು ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಅದರಲ್ಲಿ ಮೇಲುಮೇಲಕ್ಕೆ ನೆಟ್ಟ ಗೂಟ ಗಣಿಯ ಸಂಬಂಧವೇ ಇಲ್ಲದೆ ಋತುವಿನ ಜೊತೆ ಏರಿ ಇಳಿಯುತ್ತದೆ. ಮೇ ತಿಂಗಳಲ್ಲಿ ಒಂದು ಸಲ, ಸೆಪ್ಟೆಂಬರಿನಲ್ಲಿ ಒಂದು ಸಲ ಅಳೆದು ವ್ಯತ್ಯಾಸ ತೆಗೆದರೆ, ಗಣಿಯ ಕುಸಿತದ ಒಂದು ಪಾಲನ್ನು ಮಣ್ಣಿನ ಉಬ್ಬು ನುಂಗಿಬಿಟ್ಟಿರುತ್ತದೆ. ಗೂಟದ ಬುಡ ಗರಸಿನವರೆಗೆ ಇಳಿಯಬೇಕು. ಗಣಿಯಿಂದ ದೂರದಲ್ಲಿ, ಅದೇ ಮಣ್ಣಿನಲ್ಲಿ, ಹೋಲಿಕೆಗೆಂದು ಇನ್ನೊಂದು ಸಾಲು ಇರಬೇಕು. ವರ್ಷದಿಂದ ವರ್ಷಕ್ಕೆ ಹೋಲಿಸುವ ಓದು ಒಂದೇ ಋತುವಿನದಾಗಿರಬೇಕು. ಎರೆ ನೆಲದ ವರದಿಯಲ್ಲಿ ಈ ಹೋಲಿಕೆಯ ಸಾಲು ಇಲ್ಲದಿದ್ದರೆ ಅದರ ಮೊದಲ ಎರಡು ಮೂರು ಸೆಂಟಿಮೀಟರ್ ಅಂಕಿಗಳನ್ನು ನಾನು ನಂಬುವುದಿಲ್ಲ.

ಇನ್ನು ಅಂದಾಜಿನ ಚರಿತ್ರೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಬೆಲ್ಜಿಯಂನ ಲಿಯೇಜ್ ಪಟ್ಟಣದಲ್ಲಿ ಮನೆಗಳು ಬಿರುಕುಬಿಟ್ಟಾಗ, ಗಣಿ ಎಷ್ಟು ದೂರದ ನೆಲವನ್ನು ಎಳೆಯುತ್ತದೆ ಎಂಬ ವಾದ ಶುರುವಾಯಿತು. ಗಣಿಯ ಅಂಚಿನಿಂದ ಹೊರಮುಖವಾಗಿ ಮೇಲೇರುವ ಒಂದು ಓರೆಗೆರೆಯನ್ನು ಊಹಿಸಿಕೊಂಡರೆ, ಅದು ನೆಲ ಮುಟ್ಟುವಲ್ಲಿಗೆ ಕುಸಿತ ಮುಗಿಯುತ್ತದೆ. ಲಂಬಗೆರೆಯಿಂದ ಅದು ಎಷ್ಟು ಓರೆಯಾಗಿದೆ ಎಂಬುದು ಸೆಳೆತದ ಕೋನ. ಬ್ರಿಟನ್ನಿನ ಮೆತ್ತನೆಯ ಶಿಲೆಗಳಲ್ಲಿ ಅದು ಸುಮಾರು 35 ಡಿಗ್ರಿ. ಆ ಲೆಕ್ಕದಲ್ಲಿ 100 ಮೀಟರ್ ಆಳದ ಗಣಿಯಲ್ಲಿ 140 ಮೀಟರ್ ಅಗಲಕ್ಕೆ ಕಲ್ಲಿದ್ದಲು ತೆಗೆದರೆ ಮೇಲಿನ ಒಂದು ಬಿಂದುವಾದರೂ ಪೂರ್ತಿ ಇಳಿಯುತ್ತದೆ. ಅದಕ್ಕಿಂತ ಅಗಲ ಮಾಡಿದರೆ ತಗ್ಗು ಅಗಲವಾದೀತೇ ಹೊರತು ಆಳವಾಗದು. ಆ ಪೂರ್ತಿ ಇಳಿತ ತೆಗೆದ ಪದರದ ದಪ್ಪದ 90 ಪ್ರತಿಶತದವರೆಗೂ ಇರಬಹುದು. ಬ್ರಿಟಿಷ್ ಮಂಡಳಿ ತನ್ನ ಗಣಿಗಳ ಅಳತೆಗಳನ್ನೆಲ್ಲ ಸೇರಿಸಿ 1966ರಲ್ಲಿ ಒಂದು ಕೈಪಿಡಿ ತಂದಿತು, 1975ರಲ್ಲಿ ಅದನ್ನು ಪರಿಷ್ಕರಿಸಿತು. ಅಗಲ, ಆಳ, ದಪ್ಪ ಗೊತ್ತಿದ್ದರೆ ಗ್ರಾಫ್ ನೋಡಿ ಇಳಿತ ಓದಬಹುದು.

ಪೋಲೆಂಡಿನ ಸ್ಟಾನಿಸ್ಲಾವ್ ಕ್ನೋಥೆ 1950ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಗಣಿಯ ಪ್ರತಿಯೊಂದು ಸಣ್ಣ ತುಂಡನ್ನು ತೆಗೆದಾಗಲೂ ಮೇಲೆ ಒಂದು ಸಣ್ಣ, ಗಂಟೆಯಾಕಾರದ ತಗ್ಗು ಬೀಳುತ್ತದೆ ಎಂದುಕೊಂಡು, ಅಂಥ ಎಲ್ಲ ತಗ್ಗುಗಳನ್ನೂ ಕೂಡಿಸುವುದು. ಇದರಿಂದ ಚೌಕವಲ್ಲದ, ವಕ್ರವಾದ ಗಣಿಗಳ ಲೆಕ್ಕವೂ ಸಾಧ್ಯವಾಯಿತು. ಕಾಲವನ್ನೂ ಅವರು ಲೆಕ್ಕದೊಳಗೆ ತಂದರು: ಇನ್ನೆಷ್ಟು ಇಳಿಯುವುದು ಬಾಕಿ ಇದೆಯೋ, ಇಳಿಯುವ ವೇಗ ಅದಕ್ಕೆ ಅನುಗುಣವಾಗಿರುತ್ತದೆ. ಇವತ್ತಿನ ಅನೇಕ ತಂತ್ರಾಂಶಗಳಲ್ಲಿ ಈ ವಿಧಾನವೇ ಇದೆ.

ಬ್ರಿಟಿಷ್ ಮಂಡಳಿಯ ಕೈಪಿಡಿಯನ್ನು ನೇರವಾಗಿ ಭಾರತಕ್ಕೆ ತಂದಾಗ ಅಂಕಿ ಹೊಂದಲಿಲ್ಲ. ನಮ್ಮ ಗೊಂಡವಾನ ಕಣಿವೆಗಳಲ್ಲಿ ಕಲ್ಲಿದ್ದಲಿನ ಮೇಲೆ ದಪ್ಪವಾದ, ಬಿರುಕು ಕಡಿಮೆಯಿರುವ ಮರಳುಶಿಲೆ ಕೂತಿದೆ. ಅದು ಬಾಗುತ್ತ ಇಳಿಯುವುದಿಲ್ಲ. ಬಹಳ ಹೊತ್ತು ತಡೆದು ನಿಂತು, ಒಮ್ಮೆಲೇ ಮುರಿಯುತ್ತದೆ. ಛತ್ತೀಸಗಢದ ಚುರ್ಚಾ ಗಣಿಯಲ್ಲಿ ಮೇಲೆ ಡಾಲರೈಟ್ ಎಂಬ ಗಟ್ಟಿ ಶಿಲೆ ಹಾಸಿತ್ತು. ಅಲ್ಲಿ 1990ರಲ್ಲಿ ಕಲ್ಲಿದ್ದಲನ್ನು ಉದ್ದ ಗೋಡೆಯಾಗಿ ಕತ್ತರಿಸುವ ಲಾಂಗ್‌ವಾಲ್ ಯಂತ್ರಗಳ ಆಧಾರಗಳು ಹೀಗೆ ಬಂದೆರಗಿದ ಭಾರಕ್ಕೆ ನಜ್ಜುಗುಜ್ಜಾದವು. ಧನಬಾದಿನ ಕೇಂದ್ರೀಯ ಗಣಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಶಕಗಟ್ಟಲೆ ಗೂಟದ ಸಾಲುಗಳನ್ನು ಅಳೆದು ಎರಡು ಮಾತು ಸ್ಥಾಪಿಸಿದರು. ಇಲ್ಲಿಯ ಸೆಳೆತದ ಕೋನ ಬ್ರಿಟನ್ನಿನದಕ್ಕಿಂತ ಬಹಳ ಕಡಿಮೆ. ಒಂದು ಮಿತಿಯ ಅಗಲದೊಳಗೆ ಕಲ್ಲಿದ್ದಲು ತೆಗೆದರೆ ಮೇಲ್ಮೈಯಲ್ಲಿ ಕಾಣುವಂಥ ಇಳಿತವೇ ಆಗುವುದಿಲ್ಲ, ಆ ಮಿತಿ ದಾಟಿದ ಮೇಲೆ ಕುಸಿತ ಬೇಗ ಬೇಗ ಹೆಚ್ಚುತ್ತದೆ. ಈ ನಿಷ್ಪರಿಣಾಮ ಅಗಲ ಪ್ರತಿ ಕಲ್ಲಿದ್ದಲು ಕ್ಷೇತ್ರಕ್ಕೂ ಬೇರೆ ಬೇರೆ. ರಾಣಿಗಂಜಿನ ಅಂಕಿ ಹಿಡಿದು ಗೋದಾವರಿ ಕಣಿವೆಯ ಊರಿಗೆ ಭರವಸೆ ಕೊಡಲಾಗದು. ಪ್ರತಿಯೊಂದು ಕ್ಷೇತ್ರದಲ್ಲೂ ಗೂಟ ನೆಟ್ಟು ಅಳೆಯಲೇಬೇಕು.

ಕಂಪ್ಯೂಟರಿನೊಳಗೆ ಪದರ ಪದರವಾಗಿ ನೆಲವನ್ನು ಕಟ್ಟಿ, ಕಲ್ಲಿದ್ದಲನ್ನು ತೆಗೆದು, ಏನಾಗುತ್ತದೆ ನೋಡುವ ಸಂಖ್ಯಾ ಮಾದರಿಗಳೂ ಇವೆ. ನೀರು, ಸ್ತರಭಂಗ, ಇಳಿಜಾರು, ಒಂದರ ಮೇಲೊಂದಿರುವ ಗಣಿಗಳು, ಹೀಗೆ ಗ್ರಾಫಿಗೆ ಸಿಗದ ಸಂದರ್ಭಗಳಲ್ಲಿ ಇವು ಬೇಕೇಬೇಕು. ಆದರೆ ಪ್ರಯೋಗಾಲಯದಲ್ಲಿ ಮುಷ್ಟಿಯಷ್ಟು ಕಲ್ಲಿನ ಬಲ ಅಳೆದು, ಬೆಟ್ಟದಷ್ಟು ಶಿಲೆಗೆ ಅದನ್ನು ಎಷ್ಟು ತಗ್ಗಿಸಿ ಹಚ್ಚಬೇಕು ಎಂಬುದನ್ನು ಮಾಡುವವರೇ ನಿರ್ಧರಿಸುತ್ತಾರೆ. ಕುಸಿದಾದ ಮೇಲೆ ಅಂಕಿ ತಿದ್ದಿ ಹೊಂದಿಸಿದ ಮಾದರಿಯನ್ನು ಮುನ್ಸೂಚನೆ ಎಂದು ಕರೆಯಬಾರದು. ಕಲ್ಲಿದ್ದಲು ತೆಗೆಯುವ ಮೊದಲೇ ಅಂದಾಜನ್ನು ಬರೆದಿಟ್ಟು, ಆಮೇಲೆ ಗೂಟದ ಓದಿನ ಜೊತೆ ಹೋಲಿಸಿ ಎರಡನ್ನೂ ಒಟ್ಟಿಗೆ ಪ್ರಕಟಿಸಿದರೆ ಮಾತ್ರ ಅದರ ಯೋಗ್ಯತೆ ತಿಳಿಯುತ್ತದೆ.

ಇದೆಲ್ಲ ತಗ್ಗಿನ ಕಥೆ. ಗುಂಡಿಯ ಕಥೆ ಕಂಬಗಳಿಂದ ಶುರುವಾಗುತ್ತದೆ. ಭಾರತದ ಹಳೆಯ ಗಣಿಗಳೆಲ್ಲ ಹೆಚ್ಚಾಗಿ ಬೋರ್ಡ್ ಅಂಡ್ ಪಿಲ್ಲರ್ ಪದ್ಧತಿಯವು: ಅಡ್ಡ, ಉದ್ದ ಸುರಂಗ ಕೊರೆದು ನಡುವೆ ಚೌಕ ಕಂಬಗಳನ್ನು ಬಿಡುವುದು. ಆ ಕಂಬಗಳ ಲೆಕ್ಕವನ್ನು ಜಗತ್ತು ಒಂದು ದುರಂತದಿಂದ ಕಲಿಯಿತು. 1960ರ ಜನವರಿ 21ರಂದು ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ ಕಂಬಗಳು ಸಾಲುಸಾಲಾಗಿ ಪುಡಿಯಾಗಿ 435 ಕಾರ್ಮಿಕರು ಸತ್ತರು. ಅಲ್ಲಿಂದ ಹುಟ್ಟಿದ ಸಂಶೋಧನೆಯಲ್ಲಿ ಸಲಮಾನ್ ಮತ್ತು ಮನ್ರೊ ಕಂಬಗಳು ನಿಂತ 98 ಮತ್ತು ಕುಸಿದ 27 ಉದಾಹರಣೆಗಳನ್ನು ಹೋಲಿಸಿ 1967ರಲ್ಲಿ ಕಂಬದ ಬಲದ ಸೂತ್ರ ಕೊಟ್ಟರು. ಕಂಬ ಅಗಲವಾದಷ್ಟು ಬಲ ಹೆಚ್ಚು, ಎತ್ತರವಾದಷ್ಟು ಬಲ ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. ಗಣಿ 60 ಮೀಟರ್ ಆಳ, ಸುರಂಗ 4 ಮೀಟರ್ ಅಗಲ, 3 ಮೀಟರ್ ಎತ್ತರ, ಕಂಬ 12 ಮೀಟರ್ ಚೌಕ. ಪ್ರತಿ ಕಂಬವೂ ತನ್ನ ಸುತ್ತಲಿನ 16 ಮೀಟರ್ ಚೌಕದ ಭಾರ ಹೊರುತ್ತದೆ. ಅದರ ಮೇಲಿನ ಒತ್ತಡ ಸುಮಾರು 2.7 ಮೆಗಾಪಾಸ್ಕಲ್. ಆ ಸೂತ್ರದ ಪ್ರಕಾರ ಅದರ ಬಲ ಸುಮಾರು 10.9. ನಾಲ್ಕು ಪಟ್ಟು ಸುರಕ್ಷಿತ. ಈಗ ಯಾರೋ ಬಿಟ್ಟುಹೋಗುವ ಮೊದಲು ಕಂಬದ ಬದಿಗಳನ್ನು ಕೆರೆದು 6 ಮೀಟರ್ ಚೌಕಕ್ಕೆ ಇಳಿಸಿದರು ಎನ್ನಿ. ಒತ್ತಡ 10.7ಕ್ಕೆ ಏರುತ್ತದೆ, ಬಲ 8ರ ಹತ್ತಿರಕ್ಕೆ ಇಳಿಯುತ್ತದೆ. ಕಂಬ ನಿಲ್ಲುವಂತಿಲ್ಲ. ದಕ್ಷಿಣ ಆಫ್ರಿಕಾದ ಕಲ್ಲಿದ್ದಲಿನ ಅಂಕಿಗಳಿವು, ನಮ್ಮ ಕಲ್ಲಿದ್ದಲಿಗೆ ಧನಬಾದಿನವರು ಬೇರೆ ಸೂತ್ರ ಕೊಟ್ಟಿದ್ದಾರೆ. ಆದರೂ ಕಂಬದ ಬದಿ ಅರ್ಧವಾದರೆ ಒತ್ತಡ ನಾಲ್ಕು ಪಟ್ಟಾಗುವುದು ಎಲ್ಲಿಯೂ ಒಂದೇ. 1971ರಿಂದ 1973ರ ನಡುವೆ ಗಣಿಗಳು ರಾಷ್ಟ್ರೀಕರಣವಾಗುವ ಮೊದಲು ಖಾಸಗಿ ಮಾಲಕರು ಹಲವೆಡೆ ಹೀಗೆ ಕಂಬ ಕೆರೆದದ್ದುಂಟು. ಕೆರೆದ ಕಂಬ ನಕಾಶೆಗೆ ಏರಲಿಲ್ಲ.

ಮಾಳಿಗೆ ಬೀಳುವುದಕ್ಕೂ ಒಂದು ಲೆಕ್ಕವಿದೆ. ಬಾವಿ ತೋಡಿ ತೆಗೆದ ಮಣ್ಣು ಮತ್ತೆ ಅದೇ ಬಾವಿಗೆ ಹಿಡಿಸುವುದಿಲ್ಲ, ಸಡಿಲಾದದ್ದು ಹೆಚ್ಚು ಜಾಗ ಕೇಳುತ್ತದೆ. ಬಿದ್ದ ಕಲ್ಲೂ ಹಾಗೆಯೇ. ಅದು 20 ಪ್ರತಿಶತ ಉಬ್ಬಿದರೆ 3 ಮೀಟರ್ ಎತ್ತರದ ಸುರಂಗದ ಪೊಳ್ಳು 15 ಮೀಟರ್ ಮೇಲೇರುವಷ್ಟರಲ್ಲಿ ತಾನೇ ತುಂಬಿ ನಿಲ್ಲುತ್ತದೆ. 10 ಪ್ರತಿಶತ ಮಾತ್ರ ಉಬ್ಬಿದರೆ 30 ಮೀಟರ್ ಏರುತ್ತದೆ. ನೀರು ಹರಿದು ಬಿದ್ದ ಮಣ್ಣನ್ನು ಸುರಂಗದುದ್ದಕ್ಕೂ ಒಯ್ದರೆ ಇನ್ನೂ ಮೇಲೇರುತ್ತದೆ. ಇದಕ್ಕಾಗಿಯೇ ಮಳೆಗಾಲದಲ್ಲಿ ಗುಂಡಿಗಳು ಹೆಚ್ಚು. ಘುಗ್ಗುಸ್‌ನಲ್ಲಿ ನಡೆದದ್ದೂ ಆಗಸ್ಟಿನಲ್ಲಿ.

ಗುಂಡಿಯನ್ನು ಮೊದಲೇ ಕಾಣಬಹುದೇ? ಉಪಗ್ರಹದ ರೇಡಾರ್ ಬಗ್ಗೆ ಈಗ ದೊಡ್ಡ ಭರವಸೆಯಿದೆ. 2014ರಲ್ಲಿ ಹಾರಿದ ಯೂರೋಪಿನ ಸೆಂಟಿನೆಲ್-1 ಅದೇ ಜಾಗದ ಮೇಲೆ 12 ದಿನಕ್ಕೊಮ್ಮೆ ಬಂದು ರೇಡಾರ್ ಅಲೆ ಕಳಿಸುತ್ತದೆ. ಎರಡು ಸಲದ ಪ್ರತಿಧ್ವನಿಗಳನ್ನು ಹೋಲಿಸಿದರೆ ನೆಲ ಎಷ್ಟು ಸರಿದಿದೆ ತಿಳಿಯುತ್ತದೆ. ಅಲೆಯ ಉದ್ದ 5.6 ಸೆಂಟಿಮೀಟರ್, ಆದ್ದರಿಂದ ಚಿತ್ರದಲ್ಲಿ ಒಂದು ಬಣ್ಣದ ಪಟ್ಟಿ ಎಂದರೆ 2.8 ಸೆಂಟಿಮೀಟರ್. ಊರಿನ ಕಟ್ಟಡಗಳ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಹತ್ತಿ, ಜೋಳದ ಹೊಲದಲ್ಲಿ ಬೆಳೆ ಬೆಳೆದಂತೆ ಪ್ರತಿಧ್ವನಿ ಕದಡಿ ಹೋಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ ಮತ್ತು ಇಸ್ರೋಗಳ ನಿಸಾರ್ ಉಪಗ್ರಹದ ಒಂದು ಅಲೆ 24 ಸೆಂಟಿಮೀಟರಿನದು. ಅದು ಎಲೆಗಳ ನಡುವೆ ನುಸುಳಿ ನೆಲ ಮುಟ್ಟಬಲ್ಲದು. ವಿಶಾಲವಾದ ತಗ್ಗುಗಳನ್ನು ಇನ್ನು ಮುಂದೆ ಗೂಟವಿಲ್ಲದ ಕಡೆಯೂ ಕಾಣಬಹುದು, ಇದು ದೊಡ್ಡ ಲಾಭ. ಆದರೆ ಕೆಲವೇ ಮೀಟರ್ ಅಗಲದ, ಬೀಳುವವರೆಗೂ ಮೇಲ್ಮೈಯನ್ನು ಅಲುಗಿಸದ ಪೊಳ್ಳು ಆಕಾಶದಿಂದ ಕಾಣುವುದಿಲ್ಲ. ನೆಲದ ಮೇಲಿಂದ ನೋಡುವ ರೇಡಾರ್ ಯಂತ್ರದ ಅಲೆಗಳನ್ನು ಎರೆ ಮಣ್ಣಿನ ಜೇಡಿ ನುಂಗುತ್ತದೆ. ಕೊನೆಗೆ ಉಳಿಯುವುದು ಕೊಳವೆ ಕೊರೆದು ಕ್ಯಾಮೆರಾ ಇಳಿಸಿ ನೋಡುವುದು. ಎಲ್ಲಿ ಕೊರೆಯಬೇಕೆಂದು ತಿಳಿಯಲು ನಕಾಶೆ ಬೇಕು.

ಕನ್ನಡಿಗರ ಮನೆಯಂಗಳದ ಉದಾಹರಣೆ ಕೋಲಾರದ್ದು. ಕೆಜಿಎಫ್ ಚಿನ್ನದ ಗಣಿ, ಕಲ್ಲಿದ್ದಲಿನದಲ್ಲ. 3 ಕಿಲೋಮೀಟರಿಗೂ ಹೆಚ್ಚು ಆಳದ ಅಲ್ಲಿಯ ಸಮಸ್ಯೆ ತಗ್ಗು, ಗುಂಡಿಗಳಿಗಿಂತ ಶಿಲಾಸ್ಫೋಟ. ಆ ಅನುಭವದ ನೆಲದಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಪಂಪು ನಿಂತು ಸುರಂಗಗಳಲ್ಲಿ ನೀರು ಏರತೊಡಗಿದಾಗ ಕಂಪನಗಳು ಮತ್ತೆ ದಾಖಲಾದವು. ಯಂತ್ರಗಳು ಇದ್ದುದರಿಂದ ಅವು ದಾಖಲಾದವು. ಮುಚ್ಚಿದ ಕಲ್ಲಿದ್ದಲು ಗಣಿಗಳ ಮೇಲೆ ಇಂಥ ನಿಗಾ ಇಡುವವರು ಬಹಳ ಕಡಿಮೆ.

ನಕಾಶೆ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ನೆಲದೊಳಗಿನ ಸಾಕ್ಷಿಗಳಿವೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸನಾಲಾ ಗಣಿಯಲ್ಲಿ ಹಳೆಯ ಗಣಿಯಲ್ಲಿ ನಿಂತ ನೀರು ಒಡೆದು ನುಗ್ಗಿ ಸುಮಾರು 375 ಜನ ಸತ್ತರು. 2001ರ ಫೆಬ್ರುವರಿಯಲ್ಲಿ ಬಾಗಡಿಗಿಯಲ್ಲಿ ಪಕ್ಕದ ಹಳೆಯ ಗಣಿಯ ನೀರಿಗೆ 29 ಜನ ಬಲಿಯಾದರು. ಮೇಲಿನ ಜನರ ಪಾಡೂ ಇದೇ ನಕಾಶೆಗಳಿಗೆ ಕಟ್ಟುಬಿದ್ದಿದೆ. ಝರಿಯಾ, ರಾಣಿಗಂಜ್ ಕಲ್ಲಿದ್ದಲು ಕ್ಷೇತ್ರಗಳ ಬೆಂಕಿ ಮತ್ತು ಕುಸಿತಕ್ಕೆ 2009ರಲ್ಲಿ 7,112 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. 2025ರ ಜೂನಿನಲ್ಲಿ ಝರಿಯಾ ಒಂದಕ್ಕೇ 5,940 ಕೋಟಿಯ ಪರಿಷ್ಕೃತ ಯೋಜನೆ ಬಂತು. ನಡುವೆ ಹದಿನಾರು ವರ್ಷ ಹೋದವು.

ನಮ್ಮ ಕಲ್ಲಿದ್ದಲು ಗಣಿ ನಿಯಮಗಳು ರೈಲು ಹಳಿ ಮತ್ತು ಸಾರ್ವಜನಿಕ ಕಟ್ಟಡಗಳಿಂದ 45 ಮೀಟರಿನೊಳಗೆ ಅನುಮತಿಯಿಲ್ಲದೆ ಕಲ್ಲಿದ್ದಲು ತೆಗೆಯಬಾರದೆನ್ನುತ್ತವೆ. ಹಳೆಯ ಗಣಿಯ ಮೇಲೆ ಹೊಸದಾಗಿ ಮನೆ ಕಟ್ಟುವವನನ್ನು ಆ ನಿಯಮ ಕಾಯುವುದಿಲ್ಲ. ಬ್ರಿಟನ್ನಿನಲ್ಲಿ 1872ರ ಕಾನೂನಿನಿಂದ ಬಿಟ್ಟ ಗಣಿಯ ನಕಾಶೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಇಂದು ಅಲ್ಲಿ ಕಲ್ಲಿದ್ದಲು ಸೀಮೆಯಲ್ಲಿ ಮನೆ ಕೊಳ್ಳುವವರು, ಆ ಜಾಗದಡಿ ಗಣಿ ಇದೆಯೇ ಎಂಬ ವರದಿಯನ್ನು ಶುಲ್ಕ ಕೊಟ್ಟು ಪಡೆಯಬಹುದು. ಕುಸಿತದ ಹಾನಿಗೆ ಪರಿಹಾರ ಕೊಡುವ ಪ್ರತ್ಯೇಕ ಕಾನೂನೂ ಇದೆ, ಈಗಿನದು 1991ರದು.

ಮಹಾರಾಷ್ಟ್ರದಲ್ಲಿ ಇಂಥ ಮಾಹಿತಿ ಒದಗಿಸಲು ಹೊಸ ಕಚೇರಿ ಬೇಕಿಲ್ಲ. ಹಳೆಯ ಗಣಿ ನಕಾಶೆಗಳನ್ನು ಸ್ಕ್ಯಾನ್ ಮಾಡಿ, ಇವತ್ತಿನ ಗಟ್ ನಂಬರುಗಳ ಮೇಲೆ ಹೊಂದಿಸಿ, ಮಾಳಿಗೆ 30 ಮೀಟರಿಗಿಂತ ಕಡಿಮೆ ಆಳದಲ್ಲಿರುವ ಸುರಂಗಗಳನ್ನು ಮೊದಲು ಗುರುತಿಸಬೇಕು. ಅಂಥ ಕಡೆ ಕೊಳವೆ ಕೊರೆದು ಖಚಿತಪಡಿಸಿಕೊಂಡು, ಮನೆಗಳಿದ್ದರೆ ಪೊಳ್ಳನ್ನು ಮರಳು ಅಥವಾ ಬೂದಿ ತುಂಬಿ ಮುಚ್ಚಬೇಕು. ಪ್ರತಿ ಜಮೀನಿನ ಸಾತಬಾರಾ ಉತಾರದಲ್ಲಿ ಇತರ ಅಧಿಕಾರಗಳ ಕಾಲಂ ಇದ್ದೇ ಇದೆ. ಕೆಳಗೆ ಗಣಿಯಿದೆ, ಎಷ್ಟು ಆಳದಲ್ಲಿದೆ, ಕಂಬಗಳ ಸ್ಥಿತಿ ಏನು ಎಂದು ಅಲ್ಲಿ ಬರೆದರೆ, ಜಾಗ ಕೊಳ್ಳಲು ತಲಾಠಿಯ ಬಳಿ ಉತಾರ ಕೇಳುವವನು ಅದನ್ನು ರುಜು ಹಾಕುವ ಮೊದಲೇ ಓದಿಕೊಳ್ಳುತ್ತಾನೆ.